ವಯಸ್ಕರಲ್ಲಿ ಆಟಿಸಂ: ಸದಸ್ಯರ ಪ್ರಶ್ನೆಗಳು, ಕ್ಲಿನಿಕಲ್ ಸೈಕಾಲಜಿಸ್ಟ್ ಅವರ ಉತ್ತರಗಳು

ಪ್ರಶ್ನೆ (ಉಪನ್ಯಾಸಕಿ, ಬೆಂಗಳೂರು): ಮೇಡಂ, ನಮ್ಮ ಯಜಮಾನರಿಗೆ 36 ವರ್ಷ, ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅವರಿಗೆ ಆಟಿಸಂ ಇದೆ ಎಂದು ಇತ್ತೀಚೆಗೆ ಮನೋವೈದ್ಯರು ತಿಳಿಸಿದರು. ಆಫೀಸಿನಿಂದ ಬಂದ ಮೇಲೆ ಕೋಣೆಯ ದೀಪ ಆರಿಸಿ ಬಹಳ ಹೊತ್ತು ಮಲಗಿರುತ್ತಾರೆ, ಮಾತನಾಡಿಸಿದರೆ ಉತ್ತರ ಬರುವುದಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಛತ್ರದಿಂದ ಎದ್ದು ಹೋಗಿ ಕಾರಿನಲ್ಲಿ ಕುಳಿತುಬಿಟ್ಟರು. ನಮ್ಮ ತಂದೆಯವರು ಇನ್ನೂ ಆ ಬೇಸರದಲ್ಲಿದ್ದಾರೆ. ಇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲವೇ? ಅಥವಾ ಎಲ್ಲವೂ ಆಟಿಸಂ ಎಂದುಕೊಂಡು ನಾನು ಸುಮ್ಮನಿರಬೇಕೇ?

ಉತ್ತರ: ಎರಡೂ ಅಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆಟಿಸಂ ಎಂದರೆ ಮೆದುಳು ಬಾಲ್ಯದಿಂದಲೇ ಬೇರೆ ರೀತಿಯಲ್ಲಿ ಬೆಳೆದಿರುವ ಸ್ಥಿತಿ; ಇತರರೊಡನೆ ಬೆರೆಯುವುದು, ಸುತ್ತಲಿನದನ್ನು ಗ್ರಹಿಸುವುದು ಅದರಲ್ಲಿ ಭಿನ್ನವಾಗಿರುತ್ತದೆ.

ಮದುವೆಯಿಂದಲೇ ಆರಂಭಿಸೋಣ. ಧಾರೆಯ ಹೊತ್ತಿನಲ್ಲಿ ಗಟ್ಟಿಮೇಳ ಮೊಳಗುತ್ತದೆ, ಮೈಕಿನಲ್ಲಿ ಮಂತ್ರ ಕೇಳಿಸುತ್ತಿರುತ್ತದೆ, ಅಕ್ಷತೆ ಹಾಕಲು ಜನ ಒತ್ತೊತ್ತಾಗಿ ಮುಂದೆ ಬರುತ್ತಾರೆ, ವಿಡಿಯೋದವರ ದೀಪ ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಅದರ ನಡುವೆಯೇ ಯಾರೋ ಭುಜ ಮುಟ್ಟಿ ‘ಗುರುತು ಸಿಕ್ಕಿತೇ?’ ಎಂದು ಕೇಳುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಮೆದುಳು ಇದರಲ್ಲಿ ಬೇಡದ್ದನ್ನು ತಾನಾಗಿಯೇ ಹಿಂದಕ್ಕೆ ಸರಿಸಿ ಒಂದರ ಮೇಲೆ ಗಮನ ನಿಲ್ಲಿಸುತ್ತದೆ. ಆಟಿಸಂ ಇರುವ ಅನೇಕರಿಗೆ ಎಲ್ಲವೂ ಒಂದೇ ಪ್ರಮಾಣದಲ್ಲಿ, ಒಂದೇ ಸಲ ಒಳಗೆ ನುಗ್ಗುತ್ತದೆ. ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ಹೀಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದನ್ನು 2013ರಿಂದ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯೂ ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿದೆ. ನಿಮ್ಮವರು ಮದುವೆ ಬಿಟ್ಟು ಮನೆಗೆ ಹೋಗಲಿಲ್ಲ, ಕಾರಿನಲ್ಲಿ ಕುಳಿತರು. ಅಂದರೆ ನಿಮ್ಮ ತವರಿನ ಕಾರ್ಯಕ್ಕೆ ಆದಷ್ಟು ಹತ್ತಿರದಲ್ಲಿಯೇ ಇರಲು ಅವರು ಪ್ರಯತ್ನಪಟ್ಟಿರಬಹುದು. ನಾನಾದರೆ ಅದನ್ನು ಹಾಗೆಯೇ ಓದುತ್ತೇನೆ. ನಿಜವೇ ಎಂದು ನೀವು ಅವರನ್ನೇ ಕೇಳಿ.

ಸಂಜೆಯ ಮೌನದ ಕಾರಣವೂ ಹೆಚ್ಚುಕಡಿಮೆ ಇದೇ. ದಿನವಿಡೀ ಸಭೆ, ಕಣ್ಣಿಗೆ ಕಣ್ಣು ಕೊಟ್ಟು ಮಾತು, ಮುಖಭಾವ ನೋಡಿ ಅರ್ಥ ಊಹಿಸುವ ಶ್ರಮ, ಇವೆಲ್ಲ ಮುಗಿದಾಗ ಕೆಲವರಿಗೆ ಮಾತು ಹೊರಡುವುದೇ ಇಲ್ಲ. ಅದು ಹಟವಲ್ಲ, ಮುನಿಸೂ ಅಲ್ಲ. ಆ ಸಮಯದಲ್ಲಿ ಬೆನ್ನು ಬಿಡದೆ ಕೇಳುತ್ತಾ ಹೋದರೆ ಮೌನ ಇನ್ನಷ್ಟು ದೀರ್ಘವಾಗುತ್ತದೆ, ಕೆಲವೊಮ್ಮೆ ಸಿಟ್ಟಾಗಿ ಒಡೆಯುತ್ತದೆ.

ಆದರೆ ನಿಮ್ಮ ಒಂಟಿತನವೂ ಅಷ್ಟೇ ನಿಜ, ಅದನ್ನು ನುಂಗಿಕೊಂಡು ಕುಳಿತರೆ ಸಂಸಾರ ಉಳಿಯುವುದಿಲ್ಲ. ಅವರು ಆರಾಮಾಗಿರುವ ಒಂದು ಬೆಳಗ್ಗೆ ಕುಳಿತು ಒಪ್ಪಂದ ಮಾಡಿಕೊಳ್ಳಿ: ಎಷ್ಟು ಹೊತ್ತು ಅವರನ್ನು ಅವರ ಪಾಡಿಗೆ ಬಿಡಬೇಕು, ಆಮೇಲೆ ಯಾವಾಗ ನಿಮ್ಮೊಡನೆ ಕೂರಬೇಕು, ಮಾತು ಹೊರಡದ ದಿನ ನಿಮಗೆ ಹೇಗೆ ತಿಳಿಸಬೇಕು. ಫೋನಿನಲ್ಲಿ ‘ಇವತ್ತು ಆಗುವುದಿಲ್ಲ’ ಎಂಬ ಒಂದು ಸಂದೇಶವಾದರೂ ಸಾಕು. ನಿಮಗೆ ಬೇಕಾದುದನ್ನು ಸೂಚನೆಯಿಂದ ತಿಳಿಸಬೇಡಿ. ‘ಮನೆಯಲ್ಲಿ ನಾನೊಬ್ಬಳೇ ಎಲ್ಲ ಮಾಡಬೇಕು’ ಎಂಬ ನಿಟ್ಟುಸಿರು ಅವರಿಗೆ ಕೇವಲ ಒಂದು ಮಾಹಿತಿಯಾಗಿ ಕೇಳಿಸಬಹುದು. ‘ಭಾನುವಾರ ಬಟ್ಟೆ ಒಗೆಯುವುದು, ಮಡಚಿಡುವುದು ನಿಮ್ಮದು’ ಎಂದರೆ ಸ್ಪಷ್ಟವಾಗುತ್ತದೆ.

ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅವರು ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞರು. 2012ರಲ್ಲಿ ಅವರು ಮುಂದಿಟ್ಟ ವಾದವೆಂದರೆ, ಇಲ್ಲಿ ಅರ್ಥವಾಗದಿರುವ ತೊಂದರೆ ಒಂದೇ ಕಡೆಯದಲ್ಲ. ಅವರಿಗೆ ನಾವು ಅರ್ಥವಾಗದಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ. ದಂಪತಿಗಳೊಡನೆ ಕೆಲಸ ಮಾಡುವಾಗ ಈ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ, ಏಕೆಂದರೆ ಅದು ಇಬ್ಬರನ್ನೂ ಆರೋಪಿಯ ಸ್ಥಾನದಿಂದ ಎಬ್ಬಿಸುತ್ತದೆ.

ಮುಂದಿನ ಸಮಾರಂಭಕ್ಕೆ ಸ್ಪೀಕರಿನಿಂದ ದೂರದ ಜಾಗ, ಕಿವಿಗೆ ಇಯರ್‌ಪ್ಲಗ್, ಹೊರಡುವ ಸಮಯ, ಇವನ್ನು ಮೊದಲೇ ಗೊತ್ತುಮಾಡಿ, ನಿಮ್ಮ ತಂದೆಯವರಿಗೂ ತಿಳಿಸಿಡಿ. ಸುಮ್ಮನೆ ಓಡಾಡಿ ಎಲ್ಲರನ್ನೂ ಮಾತನಾಡಿಸುವುದಕ್ಕಿಂತ ಮುಯ್ಯಿ ಬರೆದುಕೊಳ್ಳುವ ಮೇಜಿನಂತಹ ಖಚಿತವಾದ ಕೆಲಸ ಅನೇಕರಿಗೆ ಹಗುರವೆನಿಸುತ್ತದೆ. ಬೇಕೇ ಎಂದು ಅವರನ್ನು ಕೇಳಿಯೇ ವಹಿಸಿ.

ಸದಸ್ಯರೊಬ್ಬರ ಪ್ರತಿಕ್ರಿಯೆ: ನನಗೆ 29 ವರ್ಷ, ನನಗೂ ಆಟಿಸಂ ಇದೆ. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಾತು ಬಾರದ ಹೊತ್ತಿನಲ್ಲಿ ‘ಏನಾಯಿತು?’ ಎಂಬುದು ಅತ್ಯಂತ ಕಷ್ಟದ ಪ್ರಶ್ನೆ, ಏಕೆಂದರೆ ಅದಕ್ಕೆ ಕಾರಣ ಹುಡುಕಿ, ವಾಕ್ಯ ಕಟ್ಟಿ ಹೇಳಬೇಕು. ‘ನೀರು ಬೇಕಾ?’ ಎಂದರೆ ತಲೆಯಾಡಿಸಬಹುದು. ನಮ್ಮ ಅಕ್ಕ ಅಷ್ಟನ್ನೇ ಕೇಳಿ, ಲೋಟ ಬಾಗಿಲ ಬಳಿ ಇಟ್ಟು ಹೋಗುತ್ತಾಳೆ.

ಉತ್ತರ: ಧನ್ಯವಾದಗಳು. ಇದನ್ನು ನನಗಿಂತ ನೀವೇ ಚೆನ್ನಾಗಿ ಹೇಳಿದ್ದೀರಿ. ಮೇಲಿನ ಪ್ರಶ್ನೆ ಕೇಳಿದವರು ದಯವಿಟ್ಟು ಇದನ್ನು ಗಮನಿಸಬೇಕು.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ ಮಹಿಳೆ, ಮೈಸೂರು): ನನಗೆ 43 ವರ್ಷ. ಮಗನಿಗೆ ಆಟಿಸಂ ಎಂದು ಗೊತ್ತಾದಾಗ ವೈದ್ಯರು ಹೇಳಿದ ಲಕ್ಷಣಗಳನ್ನು ಕೇಳುತ್ತಾ ನನ್ನದೇ ಬಾಲ್ಯ ಕಣ್ಣೆದುರು ಬಂತು. ಕೌಂಟರಿನಲ್ಲಿ ಗ್ರಾಹಕರೊಡನೆ ಆಡಬೇಕಾದ ಮಾತುಗಳನ್ನು ಇಂದಿಗೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಹೋಗುತ್ತೇನೆ; ರಾತ್ರಿ ಮಲಗಿದ ಮೇಲೆ ಆಡಿದ ಪ್ರತಿ ಮಾತನ್ನೂ ತಿರುಗಿ ತಿರುಗಿ ಪರೀಕ್ಷಿಸುತ್ತೇನೆ. ಈ ವಯಸ್ಸಿನಲ್ಲಿ ತಪಾಸಣೆ ಮಾಡಿಸಿಕೊಳ್ಳುವುದರಿಂದ ಪ್ರಯೋಜನವಿದೆಯೇ? ಎಲ್ಲಿಗೆ ಹೋಗಬೇಕು?

ಉತ್ತರ: ಮಕ್ಕಳ ತಪಾಸಣೆಯ ಕೋಣೆಯಲ್ಲಿ ತಮ್ಮನ್ನೇ ಗುರುತಿಸಿಕೊಳ್ಳುವ ತಂದೆ ತಾಯಂದಿರು ಅಪರೂಪವಲ್ಲ, ಏಕೆಂದರೆ ಆಟಿಸಂನಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಹೆಣ್ಣುಮಕ್ಕಳಲ್ಲಿ ಅದು ಗುರುತಿಗೆ ಬಾರದೆ ಉಳಿಯುವುದಕ್ಕೂ ಹಳೆಯ ಕಾರಣಗಳಿವೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಮೊದಲು ವಿವರಿಸಿದ 11 ಮಕ್ಕಳಲ್ಲಿ 8 ಮಂದಿ ಗಂಡುಮಕ್ಕಳು. ಆಮೇಲಿನ ದಶಕಗಳಲ್ಲಿ ವೈದ್ಯರ ಮನಸ್ಸಿನಲ್ಲಿ ನಿಂತ ಚಿತ್ರವೂ ಗಂಡುಹುಡುಗನದೇ. ಅದರ ಮೇಲೆ ನಮ್ಮ ಮನೆಗಳಲ್ಲಿ ಹೆಣ್ಣುಮಗು ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತರೆ ‘ಸಾಧು ಹುಡುಗಿ’ ಎಂಬ ಹೊಗಳಿಕೆ ಸಿಗುತ್ತದೆ, ಆಸ್ಪತ್ರೆಗೆ ಯಾರೂ ಕರೆದೊಯ್ಯುವುದಿಲ್ಲ. ನೀವು ಹೇಳಿರುವ ಅಭ್ಯಾಸ ಮತ್ತು ಮರುಪರೀಕ್ಷೆಗೆ ನಾವು ಮಾಸ್ಕಿಂಗ್ ಎನ್ನುತ್ತೇವೆ. ಹೊರಗೆ ಯಾರಿಗೂ ಕಾಣದ ಈ ದುಡಿಮೆ ವರ್ಷಗಟ್ಟಲೆ ನಡೆದಾಗ ಆತಂಕ, ಖಿನ್ನತೆ, ಮೈಮುರಿಯುವ ಬಳಲಿಕೆ ಬರುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ತಪಾಸಣೆಗೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಬಾಲ್ಯದಿಂದ ಇಂದಿನವರೆಗಿನ ಬೆಳವಣಿಗೆಯ ವಿವರವೇ ಅದರ ಆಧಾರ. ಆದ್ದರಿಂದ ನಿಮ್ಮ ತಾಯಿಯನ್ನೋ ಹಿರಿಯ ಅಕ್ಕ ಅಣ್ಣಂದಿರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಹಳೆಯ ಅಂಕಪಟ್ಟಿಯಲ್ಲಿ ಶಿಕ್ಷಕರು ಬರೆದ ಮಾತುಗಳಿದ್ದರೆ ಅವನ್ನೂ ತೆಗೆದುಕೊಳ್ಳಿ. ಅಂತರ್ಜಾಲದ ಪ್ರಶ್ನಾವಳಿಗಳು ದಿಕ್ಕು ತೋರಿಸಬಹುದು, ತೀರ್ಮಾನ ಕೊಡಲಾರವು. ಆತಂಕದ ಕಾಯಿಲೆ, ಗೀಳು, ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ, ಹಳೆಯ ಆಘಾತ ಇವೂ ಹೊರನೋಟಕ್ಕೆ ಹೀಗೆಯೇ ಕಾಣಬಹುದು, ಆಟಿಸಂ ಜೊತೆಯಲ್ಲಿಯೂ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆ, ಅಥವಾ ವಯಸ್ಕರಲ್ಲಿ ಆಟಿಸಂ ನೋಡಿ ಅನುಭವವಿರುವ ಮನೋವೈದ್ಯರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್, ಇವರ ಬಳಿಗೆ ಹೋಗಿ. ಹೋಗುವ ಮೊದಲು ‘ವಯಸ್ಕರನ್ನು ನೋಡುತ್ತೀರಾ?’ ಎಂದು ಫೋನಿನಲ್ಲಿ ಕೇಳಿಕೊಳ್ಳಿ.

ಪ್ರಯೋಜನದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ‘ನನ್ನಲ್ಲೇ ಏನೋ ಕೊರತೆಯಿದೆ’ ಎಂದು ನಲವತ್ತು ವರ್ಷ ತಮ್ಮನ್ನು ತಾವೇ ಬೈದುಕೊಂಡವರಿಗೆ ಸರಿಯಾದ ಕಾರಣ ತಿಳಿಯುವುದೇ ದೊಡ್ಡ ಸಹಾಯ. ಆದರೆ ಆಟಿಸಂ ಅನ್ನು ವಾಸಿಮಾಡುವ ಔಷಧವಿಲ್ಲ. ಆತಂಕ, ನಿದ್ರೆ, ಖಿನ್ನತೆಗೆ ಚಿಕಿತ್ಸೆಯಿದೆ. ಸ್ಟೆಮ್ ಸೆಲ್ ಎಂದೋ ವಿಶೇಷ ಪಥ್ಯ ಎಂದೋ ಗುಣಪಡಿಸುವ ಭರವಸೆ ಕೊಡುವವರಿಗೆ ನಿಮ್ಮ ಹಣವನ್ನೂ, ಮಗನ ದೇಹವನ್ನೂ ಒಪ್ಪಿಸಬೇಡಿ.

ಪ್ರಶ್ನೆ (ಟೀಮ್ ಲೀಡ್, ಬೆಂಗಳೂರು): ನಮ್ಮ ತಂಡದ ಹೊಸ ಸಹೋದ್ಯೋಗಿ ತಮಗೆ ಆಟಿಸಂ ಇದೆ ಎಂದು ನನಗೆ ತಿಳಿಸಿದ್ದಾರೆ. ನಾನೇನು ಮಾಡಬೇಕು?

ಉತ್ತರ: ಅವರ ಅನುಮತಿಯಿಲ್ಲದೆ ಬೇರೆ ಯಾರಿಗೂ ಹೇಳಬೇಡಿ. ಕೆಲಸವನ್ನು ಬರಹದಲ್ಲಿ, ಯಾವುದು ಮೊದಲು, ಯಾವಾಗ ಮುಗಿಯಬೇಕು ಎಂಬುದರೊಂದಿಗೆ ಕೊಡಿ. ‘ಸ್ವಲ್ಪ ಬೇಗ ನೋಡಿ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಸಭೆಯ ವಿಷಯಗಳನ್ನು ಮುಂಚಿತವಾಗಿ ಕಳುಹಿಸಿ, ಪ್ರಿಂಟರ್ ಮತ್ತು ಓಡಾಟದ ದಾರಿಯಿಂದ ದೂರದ ಆಸನ ಕೊಡಿ, ತಂಡದ ಊಟಕ್ಕೆ ಬಾರದಿದ್ದುದನ್ನು ವಾರ್ಷಿಕ ಮೌಲ್ಯಮಾಪನದಲ್ಲಿ ಎಣಿಸಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ವಿಕಲತೆಗಳಲ್ಲಿ ಆಟಿಸಂ ಒಂದು. ಖಾಸಗಿ ಕಂಪನಿಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು ಆ ಕಾಯ್ದೆಯೇ ಹೇಳುತ್ತದೆ. ನಿಮ್ಮ ಎಚ್‌ಆರ್ ವಿಭಾಗದಲ್ಲಿ ಅದನ್ನು ಕೇಳಿ ಪಡೆಯಿರಿ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಶಿವಮೊಗ್ಗ): ನನ್ನ ಮಗನಿಗೆ 27 ವರ್ಷ. ಆಡುವ ಮಾತು ಬೆರಳೆಣಿಕೆಯಷ್ಟು. ಈಚೆಗೆ ಕೆನ್ನೆಗೆ ಹೊಡೆದುಕೊಳ್ಳುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ. ನನಗೂ ನನ್ನ ಹೆಂಡತಿಗೂ ವಯಸ್ಸಾಯಿತು. ನಮ್ಮ ನಂತರ ಅವನ ಗತಿಯೇನು ಎಂಬ ಚಿಂತೆಯಲ್ಲಿ ನಿದ್ರೆ ಬರುವುದಿಲ್ಲ.

ಉತ್ತರ: ಸರ್, ಹೊಡೆದುಕೊಳ್ಳುವುದನ್ನು ಮೊದಲು ನೋಡೋಣ. ಮಾತು ಕಡಿಮೆಯಿರುವವರಲ್ಲಿ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ದೇಹವನ್ನು ಪರೀಕ್ಷಿಸಬೇಕು, ಆಮೇಲೆ ಮನಸ್ಸನ್ನು. ಕೆನ್ನೆಗೆ ಹೊಡೆದುಕೊಳ್ಳುತ್ತಾನೆ ಎಂದಿದ್ದೀರಿ: ಹಲ್ಲುನೋವು, ಕಿವಿನೋವು ಇರಬಹುದು. ಯಾವ ಕಡೆಯ ಕೆನ್ನೆ, ಊಟ ಮಾಡುವಾಗ ಹೆಚ್ಚುತ್ತದೆಯೇ, ರೊಟ್ಟಿ ಬಿಟ್ಟು ಮೆತ್ತಗಿನ ಅನ್ನವನ್ನೇ ಕೇಳುತ್ತಾನೆಯೇ ಎಂದು ಬರೆದಿಟ್ಟುಕೊಳ್ಳಿ. ಮಲಬದ್ಧತೆ, ಮೂರ್ಛೆ, ಹೊಸದಾಗಿ ಆರಂಭಿಸಿದ ಮಾತ್ರೆ, ಪಕ್ಕದಲ್ಲಿ ನಡೆಯುತ್ತಿರುವ ಕಟ್ಟಡದ ಸದ್ದು, ಮನೆಯಲ್ಲಿದ್ದವರು ಯಾರಾದರೂ ಊರು ಬಿಟ್ಟದ್ದು, ಇವನ್ನೂ ವಿಚಾರಿಸಬೇಕು. ನೋವನ್ನು ಹುಡುಕದೆ ನೇರವಾಗಿ ಮಂಪರಿನ ಮಾತ್ರೆ ಕೊಡಿಸುವುದು ಅನ್ಯಾಯ.

ಕಾಗದಪತ್ರಗಳ ವಿಷಯ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ವ್ಯಾಪ್ತಿಗೆ ಆಟಿಸಂ ಬರುತ್ತದೆ. ಅದರ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ, ವಯಸ್ಸಿನ ಮಿತಿಯಿಲ್ಲ. 18 ತುಂಬಿದವರಿಗೆ ಪಾಲಕರ ಅಗತ್ಯವಿದ್ದರೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬಹುದು. ಆದರೆ ಮೇಲೆ ಹೇಳಿದ 2016ರ ಕಾಯ್ದೆಯ ಆಶಯ ಸೀಮಿತ ಪಾಲಕತ್ವ: ಪಾಲಕರು ಎಲ್ಲವನ್ನೂ ತಾವೇ ನಿರ್ಧರಿಸದೆ, ಬೇಕಾದ ವಿಷಯಕ್ಕೆ, ಬೇಕಾದಷ್ಟು ಕಾಲ, ಅವನೊಡನೆ ಸೇರಿ ನಿರ್ಧರಿಸಬೇಕು. ನೀವು ಗಟ್ಟಿಯಾಗಿರುವಾಗಲೇ ಆ ಮುಂದಿನ ವ್ಯಕ್ತಿ ಅವನ ದಿನಚರಿಯೊಳಗೆ ಬರಲಿ. ಅವನು ಸ್ನಾನಕ್ಕೆ ಯಾವ ನೀರು ಬಯಸುತ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ, ಬೇಡ ಎಂಬುದನ್ನು ಹೇಗೆ ತೋರಿಸುತ್ತಾನೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಆರಂಭಿಸಿ. ಆಸ್ತಿಯ ವಿಲ್ಲಿನಷ್ಟೇ ಮುಖ್ಯವಾದ ದಾಖಲೆ ಅದು.

ಅದೇ ಸದಸ್ಯರು: ಮೇಡಂ, ಇದನ್ನೆಲ್ಲ ಅವನ ಎದುರಿಗೇ ಮಾತನಾಡುತ್ತಿರುತ್ತೇವೆ. ಅವನಿಗೆ ಅರ್ಥವಾಗುತ್ತದೆಯೇ? ದಂತವೈದ್ಯರ ಬಳಿ ಕರೆದೊಯ್ದರೆ ಒಳಗೆ ಬರಲು ಒಪ್ಪುವುದಿಲ್ಲ.

ಉತ್ತರ: ಅರ್ಥವಾಗುತ್ತದೆ ಎಂದೇ ತಿಳಿದು ನಡೆದುಕೊಳ್ಳಿ. ಮಾತು ಹೊರಬಾರದವರಿಗೆ ಕೇಳಿದ ಮಾತೂ ತಿಳಿಯುವುದಿಲ್ಲ ಎಂದು ಊಹಿಸಲು ಆಧಾರವಿಲ್ಲ. ‘ನಮ್ಮ ನಂತರ ಇವನ ಗತಿ’ ಎಂದು ದಿನವೂ ಅವನ ಎದುರು ಹೇಳಿದರೆ ಅವನಿಗೂ ಭಯವಾಗುತ್ತದೆ. ಅವನ ವಿಷಯವನ್ನು ಅವನಿಗೇ ಹೇಳಿ, ಚಿಕ್ಕ ವಾಕ್ಯಗಳಲ್ಲಿ, 27 ವರ್ಷದ ಗಂಡಸಿನೊಡನೆ ಮಾತನಾಡುವ ಧ್ವನಿಯಲ್ಲಿ.

ದಂತವೈದ್ಯರ ಬಳಿಗೆ ಮೊದಲು ನೀವೊಬ್ಬರೇ ಹೋಗಿ, ಬಾಗಿಲು, ಕುರ್ಚಿ, ಮೇಲಿನ ದೀಪ, ವೈದ್ಯರ ಮುಖ ಇವುಗಳ ಫೋಟೋ ತೆಗೆದುಕೊಂಡು ಬಂದು ಎರಡು ಮೂರು ದಿನ ಕ್ರಮವಾಗಿ ತೋರಿಸಿ. ಬೆಳಗಿನ ಮೊದಲ ಸರದಿಯನ್ನು ಕೇಳಿ ಪಡೆಯಿರಿ, ಕಾಯುವಿಕೆ ಇರಬಾರದು. ಮೊದಲ ದಿನ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದು ತೋರಿಸಿದರೆ ಸಾಕು, ಉಪಕರಣ ಹಾಕುವುದು ಬೇಡ ಎಂದು ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳಿ. ಮುಖ ಊದಿದ್ದರೆ ಅಥವಾ ಜ್ವರವಿದ್ದರೆ ಮಾತ್ರ ಈ ಸಿದ್ಧತೆಗೆ ಕಾಯದೆ ಇಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೋಡಿದ ಮೇಲೆ ವೈದ್ಯರು ಏನೆಂದರು ಎಂಬುದನ್ನು ಇಲ್ಲಿಯೇ ಬರೆಯಿರಿ, ಮುಂದಿನದನ್ನು ಅದರ ಮೇಲೆ ಯೋಚಿಸೋಣ.