0.5 ಮಿಮೀ ಪಿನ್: ಬುಡ ಸರಿ, ತುದಿ ದಪ್ಪ

ಪೀಣ್ಯ ಟರ್ನರ್:
ನಮಸ್ಕಾರ. 316 ಸ್ಟೇನ್‌ಲೆಸ್ ಪಿನ್ ಮಾಡಬೇಕು. ವ್ಯಾಸ 0.5 ಮಿಮೀ, ಉದ್ದ 6 ಮಿಮೀ, ಟಾಲರೆನ್ಸ್ ±5 ಮೈಕ್ರಾನ್. 3 ಮಿಮೀ ಬಾರ್, ಮಾಮೂಲಿ ಸಿಎನ್‌ಸಿ ಲೇತ್, ಬಾರ್ ಹಿಡಿಯಲು ಕಾಲೆಟ್. ಬುಡ ಸೈಜಿಗೆ ಬಂದರೂ ತುದಿ ದಪ್ಪ ಉಳಿಯುತ್ತದೆ. ಫಿನಿಶ್ ಕಟ್ (ಕೊನೆಯ ತೆಳು ಕಟ್) ಕಡಿಮೆ ಮಾಡಿದರೆ ಟೂಲ್ ಬರೀ ಉಜ್ಜುತ್ತದೆ. ಸದ್ಯ ಸ್ಯಾಂಪಲ್ ಮಾತ್ರ. ಪಾಸಾದರೆ ತಿಂಗಳಿಗೆ ಸಾವಿರಗಟ್ಟಲೆ. ಯಾವ ದಾರಿ ಹಿಡಿಯಲಿ?

ಹಳೇ ಟೂಲ್‌ರೂಮ್:
ಟೂಲ್ ಒತ್ತಿದಾಗ ಪಿನ್ ಆಚೆ ಸರಿಯುತ್ತಿದೆ. ಹೊರಚಾಚಿದ ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು. ವ್ಯಾಸ ಅರ್ಧಕ್ಕಿಳಿದರೆ ಹದಿನಾರರಷ್ಟು. ನಿಮ್ಮ ಪಿನ್ನಿನ ಉದ್ದ ವ್ಯಾಸದ ಹನ್ನೆರಡು ಪಟ್ಟು.

ಸಾವಿರಗಟ್ಟಲೆ ಬೇಕಾದಾಗ ಸ್ಲೈಡಿಂಗ್ ಹೆಡ್ ಲೇತಿಗೇ (ಬಾರ್ ಹಿಡಿದ ಹೆಡ್ಡೇ ಮುಂದೆ ಸರಿಯುವ ಲೇತ್) ಕೊಡಿ. ಸ್ವಿಸ್ ಗಡಿಯಾರದವರು ಸ್ಕ್ರೂ ಮಾಡಲು 1870ರ ದಶಕದಲ್ಲೇ ಕಂಡುಕೊಂಡ ದಾರಿ ಅದು. ಬಾರ್, ತನ್ನನ್ನು ಸುತ್ತ ಹಿಡಿದು ಆಸರೆ ಕೊಡುವ ಬಳೆಯಾದ ಗೈಡ್ ಬುಷ್‌ನಿಂದ ಮುಂದಕ್ಕೆ ಬರುತ್ತದೆ, ಟೂಲ್ ಬುಷ್‌ನ ಬಾಯಲ್ಲೇ ಕತ್ತರಿಸುತ್ತದೆ. ಬಾಗಲು ಜಾಗವೇ ಇಲ್ಲ. ಆದರೆ 3ರಿಂದ 0.5ಕ್ಕೆ ಒಂದೇ ಪಾಸಿನಲ್ಲಿ ಇಳಿಸಬೇಕು. ಸಣ್ಣಗಾದ ಭಾಗ ಬುಷ್ ಒಳಗೆ ಹಿಂದಿರುಗಿದರೆ ಅದಕ್ಕೆ ಆಸರೆ ಇರುವುದಿಲ್ಲ. ಗ್ರೌಂಡ್ ಬಾರನ್ನೇ (ಗ್ರೈಂಡ್ ಮಾಡಿ ಸೈಜಿಗೆ ತಂದದ್ದು) ತನ್ನಿ, h6 ಎಂಬ ಬಿಗಿ ಟಾಲರೆನ್ಸಿನದಾದರೆ ಒಳ್ಳೆಯದು. ಬಾರ್ ಸೈಜ್ ಏರಿಳಿದರೆ ಬುಷ್‌ನಲ್ಲಿ ಒಮ್ಮೆ ಸಿಕ್ಕಿಕೊಳ್ಳುತ್ತದೆ, ಒಮ್ಮೆ ಅಲುಗುತ್ತದೆ. ಇಲ್ಲಿ ಉಳಿಸಿದ ಹಣ ಸ್ಕ್ರ್ಯಾಪ್ ಡಬ್ಬಿಗೆ ಹೋಗುತ್ತದೆ.

ಮೈಕ್ರಾನ್ ಮಗ:
ಉಜ್ಜುತ್ತದೆ ಅಂದಿರಲ್ಲ, ಸೆಂಟರ್ ಹೈಟ್ ನೋಡಿ, ಅಂದರೆ ಟೂಲ್ ಅಂಚು ಪಿನ್ನಿನ ನಡುಗೆರೆಯ ಮಟ್ಟದಲ್ಲಿದೆಯೇ ಅಂತ. 0.25 ತ್ರಿಜ್ಯದಲ್ಲಿ ಟೂಲ್ 0.05 ಮಿಮೀ ಮೇಲಿದ್ದರೂ ಹನ್ನೊಂದು ಡಿಗ್ರಿಗೂ ಹೆಚ್ಚು ಕ್ಲಿಯರೆನ್ಸ್ (ಟೂಲ್ ಪಿನ್ನಿಗೆ ತಾಗದಂತೆ ಅಂಚಿನ ಕೆಳಗೆ ಬಿಡುವ ಕೋನ) ಹೋಯಿತು. ಇನ್ಸರ್ಟಿನಲ್ಲಿ (ಟೂಲಿನ ಕತ್ತರಿಸುವ ಬಿಲ್ಲೆ) ಇರುವುದೇ ಏಳು ಡಿಗ್ರಿಯಾದರೆ ಉಜ್ಜದೆ ಇನ್ನೇನು ಮಾಡೀತು?

ಪೀಣ್ಯ ಟರ್ನರ್:
ನಮ್ಮದು ಏಳರದ್ದೇ ಸರ್. ಹೈಟ್ ನೋಡುತ್ತೇನೆ. ಸ್ಲೈಡಿಂಗ್ ಹೆಡ್ ನಮ್ಮಲ್ಲಿಲ್ಲ. ಸ್ಯಾಂಪಲ್ ಇದೇ ಮೆಷಿನ್‌ನಲ್ಲಿ ಆಗುತ್ತದೆಯೇ?

ಹಳೇ ಟೂಲ್‌ರೂಮ್:
ಆಗುತ್ತದೆ. ಇಡೀ 6 ಮಿಮೀ ಒಟ್ಟಿಗೆ ರಫ್ ಮಾಡಬೇಡಿ (ಒರಟಾಗಿ ಇಳಿಸಬೇಡಿ). ತುದಿಯ 1 ಮಿಮೀ ರಫ್ ಮಾಡಿ, ಅಲ್ಲೇ ಫಿನಿಶ್ ಸೈಜಿಗೆ ತನ್ನಿ, ಆಮೇಲೆ ಮುಂದಿನ 1 ಮಿಮೀ. ಕತ್ತರಿಸುವ ಕಡೆಯಲ್ಲೆಲ್ಲ ಹಿಂದೆ 3 ಮಿಮೀ ದಪ್ಪದ ಬಾರೇ ಆಸರೆ. ಕೂಡುವಲ್ಲಿ ಸಣ್ಣ ಗೆರೆ ಕಾಣಬಹುದು. ಡ್ರಾಯಿಂಗ್ ಒಪ್ಪುತ್ತದೆಯೇ ಕೇಳಿಕೊಳ್ಳಿ. ಗ್ರೈಂಡ್ ಮಾಡಿದ ಚೂಪು ಅಂಚಿನ ಇನ್ಸರ್ಟ್, ನೋಸ್ ರೇಡಿಯಸ್ (ಇನ್ಸರ್ಟ್ ಮೂತಿಯ ದುಂಡು) ಆದಷ್ಟು ಸಣ್ಣದು, ನೀರು ಬೆರೆಸಿದ ಕೂಲಂಟ್ ಬದಲು ಕಟಿಂಗ್ ಆಯಿಲ್. ಸ್ಪೀಡ್ ಮೆಷಿನ್ ಕೊಡುವಷ್ಟೂ ಇಡಿ: 6,000 ಆರ್‌ಪಿಎಂ ಇಟ್ಟರೂ ಈ ವ್ಯಾಸಕ್ಕೆ ನಿಮಿಷಕ್ಕೆ ಒಂಬತ್ತೂವರೆ ಮೀಟರ್ ಸಿಗುವುದಿಲ್ಲ.

ಇಂಥ ಪಿನ್ನನ್ನು ಮೈಕ್ರೊಮೀಟರಿಗೆ ಸಿಕ್ಕಿಸಿ ಬಿಗಿ ಮಾಡಬೇಡಿ. ಮುಟ್ಟದೆ ಬೆಳಕಿನಿಂದ ಅಳೆಯುವ ಲೇಸರ್ ಮೈಕ್ರೊಮೀಟರ್ ಇರುವವರ ಹತ್ತಿರ ತುದಿ, ನಡು, ಬುಡ ಮೂರೂ ಅಳೆಸಿ.