ಸಹಾಯ ಬೇಕು: ಮುತ್ತಜ್ಜನ ತಂದೆಯ ಹೆಸರು ಹುಡುಕುತ್ತಿದ್ದೇನೆ

ನಮ್ಮ ಮುತ್ತಜ್ಜ ಬೇಲೂರು ಕಡೆಯಿಂದ ಮೂಡಿಗೆರೆಯ ಕಾಫಿ ತೋಟಕ್ಕೆ ಬಂದವರಂತೆ. ಅಜ್ಜಿಯ ಟ್ರಂಕಿನಲ್ಲಿ ಮುತ್ತಜ್ಜನ ಕಂದಾಯ ರಸೀದಿಯೊಂದು ಸಿಕ್ಕಿತು; ಆದರೆ ‘ಬಿನ್’ (ಇಂಥವರ ಮಗ) ಎಂಬುದರ ಮುಂದಿನ ಹೆಸರನ್ನೇ ಗೆದ್ದಲು ತಿಂದಿದೆ.

ಮೈಸೂರು ಸಂಸ್ಥಾನದ 1871, 1881 ಮತ್ತು 1891ರ ಜನಗಣತಿ ವರದಿಗಳನ್ನು ನೋಡಿದೆ (ಚಿಕ್ಕಮಗಳೂರು ಆಗ ಕಡೂರು ಜಿಲ್ಲೆಗೆ ಸೇರಿತ್ತೆಂಬುದು ತಡವಾಗಿ ಹೊಳೆಯಿತು). ಅವುಗಳಲ್ಲಿ ಜನಸಂಖ್ಯೆ, ಜಾತಿ, ಕಸುಬುಗಳ ಮೊತ್ತವಿದೆಯೇ ಹೊರತು, ಬ್ರಿಟನ್ನಿನಲ್ಲಿ ನೂರು ವರ್ಷಗಳ ಬಳಿಕ ತೆರೆದಿಡುವ ಗಣತಿ ಹಾಳೆಗಳಂತೆ ಮನೆಮಂದಿಯ ಹೆಸರುಗಳಿಲ್ಲ.

ಆದ್ದರಿಂದ ಹಳೆಯ ಜಮೀನು ಸರ್ವೆ ದಾಖಲೆ ಮತ್ತು ಹೆಳವರ (ಊರೂರಿಗೆ ಬಂದು ಮನೆತನಗಳ ಪೀಳಿಗೆ ಹೇಳುವವರ) ವಂಶಾವಳಿಯೇ ಹೆಚ್ಚು ಫಲಕಾರಿ ಎನಿಸುತ್ತದೆ. ಬೇಲೂರು ಸುತ್ತಿನ ಊರುಗಳಿಗೆ ಹೆಳವರು ಈಗಲೂ ಬರುತ್ತಾರೆಯೇ, ಯಾವ ತಿಂಗಳಲ್ಲಿ? ಹಳೆಯ ಸರ್ವೆ ದಾಖಲೆಗಳ ನಕಲು ಪಡೆದವರಿದ್ದರೆ, ಅರ್ಜಿಯಲ್ಲಿ ಏನೇನು ನಮೂದಿಸಬೇಕೆಂದು ದಯವಿಟ್ಟು ತಿಳಿಸಿ.