"ನಾಲ್ಕೈದು ಜನ ಸೇರಿದ ಮೇಲೆ ಬನ್ನಿ" ಅನ್ನುವ ನಿಯಮ ನಿಜವಾಗಿ ಇದೆಯಾ?

ಹೊಲಿಗೆಮನೆ:
ನಮಸ್ಕಾರ. ನಾನು ಹಳ್ಳಿಯಲ್ಲಿ ಬಟ್ಟೆ ಹೊಲಿಯುವವಳು. ಹೋದ ಸೋಮವಾರ ನನ್ನ ಏಳು ವರ್ಷದ ಮಗನಿಗೆ ಬೀದಿನಾಯಿ ಮೀನಖಂಡಕ್ಕೆ ಕಚ್ಚಿತು. ರಕ್ತ ಬಂತು. ಸೋಪು ಹಾಕಿ ನಲ್ಲಿ ನೀರಲ್ಲಿ ಕಾಲು ಗಂಟೆ ತೊಳೆದು, ನಮ್ಮ ಕಡೆಯ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಎತ್ತಿಕೊಂಡು ಓಡಿದೆ. ಅಲ್ಲಿದ್ದವರು, "ಒಬ್ಬನಿಗೋಸ್ಕರ ರೇಬೀಸ್ ಲಸಿಕೆ ಬಾಟಲಿ ಒಡೆದರೆ ಉಳಿದದ್ದು ಹಾಳಾಗುತ್ತೆ. ಗುರುವಾರ ಬನ್ನಿ, ನಾಲ್ಕೈದು ಜನ ಸೇರ್ತಾರೆ" ಅಂದರು. ಹಾಗಂತ ಎಲ್ಲಿ ಬರೆದಿದೆ ಅಂತ ಕೇಳಿದೆ. "ಅದು ನಮ್ಮ ಒಳಗಿನ ವಿಷಯ" ಅಂತ ಉತ್ತರ ಬಂತು.

ಅವತ್ತೇ ರಾತ್ರಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಲಸಿಕೆ, ಗಾಯಕ್ಕೆ ಸೀರಂ (ತಕ್ಷಣ ರಕ್ಷಣೆ ಕೊಡುವ ಚುಚ್ಚುಮದ್ದು) ಎರಡನ್ನೂ ಹಾಕಿಸಿದೆ. ಆಟೋಗೆ 600 ರೂಪಾಯಿ ಆಯಿತು. ನನ್ನ ಸಂಕಟ ದುಡ್ಡಿನದ್ದಲ್ಲ. ಪಕ್ಕದ ಮನೆ ಅಜ್ಜಿಗೆ ಕಚ್ಚಿದ್ದರೆ ಅವರು ಗುರುವಾರದವರೆಗೆ ಸುಮ್ನೆ ಕಾಯುತ್ತಿದ್ದರು, ಅಲ್ವಾ? ಅಂಥ ನಿಯಮ ಇದ್ದರೆ ನನಗೆ ಕಾಗದದಲ್ಲಿ ಬೇಕು. ಹೇಗೆ ಕೇಳಬೇಕು?

ಹಳೇ ಫಾರ್ಮಸಿಸ್ಟ್:
ತಾಯಿ, ಮೊದಲು ಉಳಿದ ಡೋಸ್ ತಪ್ಪಿಸಬೇಡಿ. ಚರ್ಮದೊಳಗೆ ಕೊಡುವ ಪದ್ಧತಿಯಾದರೆ 0 (ಅಂದರೆ ಮೊದಲ ಡೋಸ್ ಹಾಕಿದ ದಿನ), 3, 7 ಮತ್ತು 28ನೇ ದಿನ.

ಆ ಮಾತು ಎಲ್ಲಿಂದ ಹುಟ್ಟಿತು ಅಂತ ನಾನು ಹೇಳಬಲ್ಲೆ. ಸರ್ಕಾರಿ ಆಸ್ಪತ್ರೆಗಳ ಔಷಧಿ ಕೋಣೆಯಲ್ಲೇ ನನ್ನ ನೌಕರಿ ಕಳೆಯಿತು. ಈ ಪದ್ಧತಿಯಲ್ಲಿ 0.1 ಮಿಲಿಯಂತೆ ಎರಡು ಕಡೆ ಚುಚ್ಚುತ್ತಾರೆ. 1 ಮಿಲಿ ಬಾಟಲಿ ನಾಲ್ಕೈದು ಜನಕ್ಕೆ ಆಗುತ್ತದೆ. ಲಸಿಕೆ ಪುಡಿಯನ್ನು ಒಮ್ಮೆ ದ್ರವದಲ್ಲಿ ಕಲಸಿದರೆ ತಣ್ಣಗಿಟ್ಟರೂ 6ರಿಂದ 8 ಗಂಟೆಯೊಳಗೆ ಬಳಸಬೇಕು, ಉಳಿದದ್ದು ಚೆಲ್ಲಬೇಕು. ಚೆಲ್ಲಿದ ಲೆಕ್ಕ ಜಾಸ್ತಿಯಾದರೆ ಮೇಲಿನವರು ಕೇಳುತ್ತಾರೆ. ಆ ಹೆದರಿಕೆ ನನಗೂ ಇತ್ತು. ಆದರೂ ಕಚ್ಚಿಸಿಕೊಂಡು ಬಂದವರನ್ನು ವಾಪಸ್ ಕಳಿಸುವುದು ತಪ್ಪು. 2019ರ ರಾಷ್ಟ್ರೀಯ ರೇಬೀಸ್ ಮಾರ್ಗಸೂಚಿ ತಡ ಮಾಡದೆ ಚಿಕಿತ್ಸೆ ಶುರು ಮಾಡಿ ಅನ್ನುತ್ತದೆ. ಜನ ಕಡಿಮೆ ಬರುವ ಕಡೆ ಇಡೀ ಬಾಟಲಿಯನ್ನು ಒಬ್ಬರಿಗೇ ಸ್ನಾಯುವಿಗೆ ಚುಚ್ಚುವ ದಾರಿಯೂ ಇದೆ. ಒಂದು ಬಾಟಲಿ ಚೆಲ್ಲಿದರೆ ಇನ್ನೊಂದು ಬರುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಗು ಉಳಿಯುವುದಿಲ್ಲ.

ಅರ್ಜಿ ಬರೆಯುವವ:
ಅಕ್ಕ, "ಒಳಗಿನ ವಿಷಯ" ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಓದಿ. ಸಿಬ್ಬಂದಿ ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳ ವಿವರವನ್ನು ಯಾರೂ ಕೇಳದಿದ್ದರೂ ಕಚೇರಿ ತಾನಾಗಿಯೇ ಪ್ರಕಟಿಸಬೇಕು.

ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅಂತ ಬರೆದು, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಜೋಪಾನ. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವೇ ಇಲ್ಲ, ಅದರ ಪ್ರತಿ ಲಗತ್ತಿಸಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಮಗನ ಕಥೆ ಬರೆಯಬೇಡಿ. ಯಾಕೆ ಕೇಳುತ್ತಿದ್ದೀರಿ ಅಂತ ಹೇಳಬೇಕಾಗಿಯೂ ಇಲ್ಲ. "ಏಕೆ ಕೊಡಲಿಲ್ಲ" ಅಂತ ಕೇಳಿದರೆ ಅದು ಮಾಹಿತಿಯಲ್ಲ ಅಂತ ತಳ್ಳಿಹಾಕುತ್ತಾರೆ. "ರೇಬೀಸ್ ಲಸಿಕೆ ನೀಡುವ ಬಗ್ಗೆ ನಿಮ್ಮ ಕೇಂದ್ರದಲ್ಲಿರುವ ಲಿಖಿತ ಆದೇಶ, ಸುತ್ತೋಲೆಗಳ ಪ್ರತಿ, ಈ ತಿಂಗಳ ಲಸಿಕೆ ಸ್ಟಾಕ್ ರಿಜಿಸ್ಟರ್ ಪುಟಗಳ ಪ್ರತಿ" ಅನ್ನಿ, ಸಾಕು. ಬೇರೆ ರೋಗಿಗಳ ಹೆಸರು ಕೇಳಬೇಡಿ, ಅದು ಅವರ ಖಾಸಗಿ ವಿಷಯ.

30 ದಿನ ಕಾಯಿರಿ. ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಜೀವದ ಪ್ರಶ್ನೆ ಇದ್ದರೆ 48 ಗಂಟೆಯಲ್ಲಿ ಕೊಡಬೇಕು ಅಂತಲೂ ಇದೆ. ಆದರೆ ಚಿಕಿತ್ಸೆಗೆ ಯಾರೂ ಅರ್ಜಿ ನಂಬಿ ಕೂರಬೇಡಿ.

ಆಶಾ ಕೆಲಸದವಳು:
ಜಗಳ ಮಾಡಬೇಡಿ ಅಕ್ಕ, ಅರ್ಜಿ ಹಾಕಿ. ಊರಲ್ಲಿ ಬೈಗುಳ ತಿನ್ನುವವರು ನಾವೇ, ಲಸಿಕೆ ಎಷ್ಟಿದೆ ಅಂತ ನಮಗೂ ಹೇಳಲ್ಲ. ಹೊರಗಿನ ಗೋಡೆಯ ಬೋರ್ಡಿನಲ್ಲಿ ಅದನ್ನು ದಿನಾ ಎರಡು ಸಾಲು ಬರೆದರೆ ನಮಗೂ ಎಷ್ಟೋ ಅನುಕೂಲ.

ಹೊಲಿಗೆಮನೆ:
ಎಲ್ಲರಿಗೂ ತಿಳಿಸಬೇಕು ಅಂತ ಮತ್ತೆ ಬರೆಯುತ್ತಿದ್ದೇನೆ. ಮಗನ ನಾಲ್ಕೂ ಡೋಸ್ ಮುಗಿದವು. ಅರ್ಜಿಗೆ 26ನೇ ದಿನ ಉತ್ತರ ಬಂತು. ಜನ ಸೇರುವವರೆಗೆ ಕಾಯಿಸಬೇಕೆಂಬ "ಯಾವುದೇ ಲಿಖಿತ ಆದೇಶ ಈ ಕಚೇರಿಯಲ್ಲಿ ಲಭ್ಯವಿಲ್ಲ" ಅಂತ ಸಹಿ, ಸೀಲು ಹಾಕಿ ಕೊಟ್ಟಿದ್ದಾರೆ. ಜೊತೆಗೆ ರಿಜಿಸ್ಟರ್ ಪುಟ. ನಾವು ಹೋದ ಸೋಮವಾರ ಅಲ್ಲಿ 11 ಬಾಟಲಿ ಇತ್ತು. ಅದನ್ನು ಓದಿ ಕೈ ನಡುಗಿತು.

ಎರಡನ್ನೂ ಜೆರಾಕ್ಸ್ ಮಾಡಿಸಿದ್ದೇನೆ. ಆಶಾ ಅಕ್ಕ ಹೇಳಿದ ಬೋರ್ಡಿನ ಮಾತನ್ನು ಗ್ರಾಮಸಭೆಯಲ್ಲಿ ಎತ್ತುತ್ತೇನೆ. ಪಕ್ಕದ ಮನೆ ಅಜ್ಜಿಯೂ ಬರುತ್ತೇನೆ ಅಂದಿದ್ದಾರೆ.